ಮೇಜಿನ ಮೇಲಿನ ಗ್ವಾದಲಿ

ನಮ್ಮ ಮನೆಯಲ್ಲಿ ಎರಡು ತಿಂಗಳಿನಿಂದ ನಡೆದುಬಂದಿದ್ದ ವ್ಯಾಜ್ಯವೊಂದು ಈ ಬೇಸಗೆಯ ರಜೆಯಲ್ಲಿ ಇತ್ಯರ್ಥವಾಯಿತು. ವ್ಯಾಜ್ಯದ ವಸ್ತು ಹೊಲವಲ್ಲ, ಮನೆಯಲ್ಲ, ಬಂಗಾರವಂತೂ ಅಲ್ಲ. ಅರ್ಧ ಕಿಲೋ ಪೇಢೆ ಹಿಡಿಯುವಷ್ಟು ಗಾತ್ರದ ಒಂದು ಕರಿಯ ಪೆಟ್ಟಿಗೆ. ಡಾಕಿಂಗ್ ಸ್ಟೇಷನ್ ಎಂದು ಅದರ ಹೆಸರು. ಧಾರವಾಡದಲ್ಲಿ ಆ ಗಾತ್ರದ ಪೊಟ್ಟಣವನ್ನು ಹಿಡಿದುಕೊಂಡು ಸಂಜೆ ಮನೆಗೆ ಬಂದವನನ್ನು ಮಕ್ಕಳು ಬಾಗಿಲಲ್ಲಿಯೇ ಎದುರುಗೊಳ್ಳುವುದು ವಾಡಿಕೆ. ನನ್ನ ಮಗಳೂ ಎದುರುಗೊಂಡಳು. ಮುಚ್ಚಳ ತೆಗೆದು, ಒಳಗಿನ ಪದಾರ್ಥವನ್ನು ಹೊರಳಿಸಿ ನೋಡಿ, ಅದರ ಮೈಮೇಲಿನ ರಂಧ್ರಗಳನ್ನು ಎಣಿಸಿ, ಒಂದು ಮಾತೂ ಆಡದೆ ಒಳಗೆ ಹೊರಟುಹೋದಳು.

ಕನ್ನಡ ಪಾಠ ಹೇಳುವವನಿಗೆ ಇಂಥ ಪೆಟ್ಟಿಗೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು ಕೇಳಿಯೇ ಬಿಟ್ಟರು: “ಏನ್ರೀ, ಪಂಪನ ಹತ್ರ ಎಷ್ಟು ಮಾನಿಟರ್ ಇದ್ದೂ?” ಪಂಪನ ಹತ್ತಿರ ಮಾನಿಟರ್ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಪಂಪನಿಗೆ ತಾನು ಬರೆದದ್ದು ಏನೆಂಬುದು ತಿಳಿದಿತ್ತು. ಅವನು ಬರೆದದ್ದೇನು ಎಂದು ಹುಡುಕುವ ಪಾಡು ಬಂದದ್ದು ನಮಗೆ.

ಮೊದಲಿನಿಂದ ಹೇಳಬೇಕು. ನನ್ನ ಗುರುಗಳಿಗೆ ಈಗ ಎಂಬತ್ತನಾಲ್ಕು ವರ್ಷ. ಮಾಳಮಡ್ಡಿಯ ಹಳೆಯ ಮನೆಯೊಂದರಲ್ಲಿ ಇದ್ದಾರೆ. ಸುಮಾರು ನಲವತ್ತು ವರ್ಷಗಳ ಹಿಂದೆ, ಒಂದು ಹಳ್ಳಿಯ ಮನೆತನದ ಅಟ್ಟದ ಮೇಲೆ ಸಿಕ್ಕ ತಾಳೆಗರಿಯ ಕಟ್ಟಿನಿಂದ ಅವರು ಒಂದು ಸಾಂಗತ್ಯ ಕಾವ್ಯವನ್ನು ತಮ್ಮ ಕೈಯಾರೆ ಪ್ರತಿ ಮಾಡಿಕೊಂಡು ಬಂದಿದ್ದರು. ಕವಿ ಹೆಸರುವಾಸಿಯಾದವನಲ್ಲ, ಸಾಹಿತ್ಯಚರಿತ್ರೆಗಳಲ್ಲಿ ಅವನಿಗೆ ಒಂದು ಸಾಲೂ ಸಿಕ್ಕಿಲ್ಲ. ಒಂದೇ ಪ್ರತಿಯನ್ನು ನಂಬಿ ಅಚ್ಚು ಹಾಕಿಸಬಾರದೆಂದು ಗುರುಗಳು ಎರಡನೆಯ ಪ್ರತಿಗಾಗಿ ಕಾದರು. ಕಾಯುತ್ತ ಕಾಯುತ್ತ ನಿವೃತ್ತರಾದರು. ಮೂರು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಬೇರೊಂದು ಊರಿನಲ್ಲಿ ಅದೇ ಕಾವ್ಯದ ಇನ್ನೊಂದು ಕಟ್ಟನ್ನು ಕಂಡು, ಎರಡೂ ಕಡೆಯ ಗರಿಗಳ ಚಿತ್ರಗಳನ್ನು ತೆಗೆದುಕೊಂಡು ಬಂದನು. ಅಷ್ಟರಲ್ಲಿ ಗುರುಗಳ ಎರಡೂ ಕಣ್ಣು ಮಂಜಾಗಿದ್ದವು. ಈಗ ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ತಮ್ಮ ಏಳು ನೋಟುಪುಸ್ತಕಗಳನ್ನು ನನ್ನ ತೊಡೆಯ ಮೇಲೆ ಇಟ್ಟು, “ಇದನ್ನ ನೀ ಮುಗಸು. ಅಚ್ಚಾಗೋದು ಯಾವಾಗ ಆಗ್ತದೋ ಆಗಲಿ. ನನಗ ಒಮ್ಮೆ ಪೂರ್ತಿ ಓದಿ ಹೇಳು” ಎಂದರು.

ಅವರ ಕಾಲದಲ್ಲಿ ಈ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂಬುದನ್ನು ಅವರಿಂದಲೇ ಕೇಳಿದ್ದೇನೆ. ಒಬ್ಬರು ಓಲೆಯನ್ನು ಹಿಡಿದು ಓದುವುದು, ಒಬ್ಬರು ಬರೆಯುವುದು, ಮೂರನೆಯವರು ಇನ್ನೊಂದು ಪ್ರತಿಯನ್ನು ಎದುರಿಗೆ ಇಟ್ಟುಕೊಂಡು ವ್ಯತ್ಯಾಸ ಕಂಡಲ್ಲಿ ಕೈಯೆತ್ತುವುದು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಿಂದ ಮೊದಲುಗೊಂಡು ಈ ಊರಿನಲ್ಲಿ ಓಲೆ ಓದಿದವರ ಪರಂಪರೆಯೇ ಇದೆ. ಅದಕ್ಕೂ ಮೊದಲು, ಇದೇ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನದ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ಮನೆಯನ್ನು ಮಾರಿ ವಿಜಾಪುರದಲ್ಲಿ ಮುದ್ರಣಾಲಯ ತೆಗೆದರು. ಮನೆ ಮಾರಿದವರ ಊರಿನವನು ಒಂದು ಪೆಟ್ಟಿಗೆಯ ಬೆಲೆಗಾಗಿ ಎರಡು ತಿಂಗಳು ಮೀನ-ಮೇಷ ಎಣಿಸಿದೆನೆಂದು ಬರೆಯಲು ನಾಚಿಕೆಯಾಗುತ್ತದೆ; ಆದರೆ ನಡೆದದ್ದು ಹಾಗೆ.

ನನ್ನ ಬಳಿ ಓದುವವರೂ ಇಲ್ಲ, ಕೈಯೆತ್ತುವವರೂ ಇಲ್ಲ. ಇದ್ದದ್ದು ಹದಿನಾಲ್ಕು ಅಂಗುಲದ ಒಂದು ಲ್ಯಾಪ್‌ಟಾಪು. ತಾಳೆಗರಿಯೆಂದರೆ ಮೊಳದುದ್ದ, ಎರಡು-ಮೂರು ಬೆರಳಗಲ. ಅದನ್ನು ಆ ಸಣ್ಣ ಪರದೆಯಲ್ಲಿ ಇಡಿಯಾಗಿ ತೋರಿಸಿದರೆ ಅಕ್ಷರಗಳು ಸಾಲುಹಿಡಿದ ಇರುವೆಗಳಾಗುತ್ತವೆ. ಅಕ್ಷರ ಕಾಣುವಂತೆ ಹಿಗ್ಗಿಸಿದರೆ ನಾಲ್ಕೇ ನಾಲ್ಕು ಅಕ್ಷರ ಉಳಿದು, ಸಾಲು ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಅದರ ಮೇಲೆ ಹಳೆಯ ಓಲೆಗಳಲ್ಲಿ ಪದಪದಗಳ ನಡುವೆ ಎಡೆಯಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬಹುಮಟ್ಟಿಗೆ ಭೇದವೇ ಇಲ್ಲ. ‘ಬೆಳೆ’ಯೂ ‘ಬೇಳೆ’ಯೂ ಒಂದೇ ಬಗೆಯಾಗಿ ಬರೆಯಲ್ಪಡುತ್ತವೆ, ಕವಿ ಹೊಲದಲ್ಲಿದ್ದಾನೋ ಅಡಿಗೆಮನೆಯಲ್ಲಿದ್ದಾನೋ ಎಂಬುದನ್ನು ನಾವೇ ತಿಳಿದುಕೊಳ್ಳಬೇಕು. ಒಂದು ಪ್ರತಿ ನೋಡುವುದು, ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು, ಅದನ್ನೂ ಮುಚ್ಚಿ ಗುರುಗಳ ಪ್ರತಿಯನ್ನು ತೆರೆಯುವುದು. ಅಷ್ಟರಲ್ಲಿ ಮೊದಲನೆಯದರಲ್ಲಿ ಏನಿತ್ತೆಂಬುದು ಮರೆತಿರುವುದು. ಹೀಗೆ ಒಂದು ರಾತ್ರಿಗೆ ಒಂದೂವರೆ ಪದ್ಯ. ಕಾವ್ಯದಲ್ಲಿರುವುದು ಎಂಟುನೂರಕ್ಕೆ ಮಿಕ್ಕಿ. ಗುರುಗಳ ವಯಸ್ಸನ್ನು ಮೊದಲೇ ಹೇಳಿದ್ದೇನೆ.

ಆದುದರಿಂದ ಪರದೆಗಳು ಬೇಕಾದವು. ಇಪ್ಪತ್ನಾಲ್ಕು ಅಂಗುಲದ ಹೊಸದೊಂದನ್ನು ಕಂತಿನ ಮೇಲೆ ಕೊಂಡೆ. ಬಾಗಿಲು ಹಾಕಿದ ಡಿಟಿಪಿ ಅಂಗಡಿಯೊಂದರಿಂದ ಹಳೆಯದೊಂದು ಅಗ್ಗಕ್ಕೆ ಸಿಕ್ಕಿತು. ಪರಿಚಯದ ಬಡಿಗನು ಅದಕ್ಕೆ ಹಲಗೆಯ ಕಾಲು ಮಾಡಿಕೊಟ್ಟು ನೆಟ್ಟಗೆ ನಿಲ್ಲಿಸಿದನು. ಅಡ್ಡ ಪರದೆಯ ಮೇಲೆ ಎರಡು ಓಲೆಗಳು ಒಂದರ ಕೆಳಗೊಂದು; ನಿಂತ ಪರದೆಯ ಮೇಲೆ ಗುರುಗಳ ನೋಟುಪುಸ್ತಕದ ಪುಟ; ಲ್ಯಾಪ್‌ಟಾಪಿನ ಸ್ವಂತ ಪರದೆಯ ಮೇಲೆ ನನ್ನ ಬರವಣಿಗೆ. ನಕ್ಷೆಯೇನೋ ಚೆನ್ನಾಗಿತ್ತು. ತೊಡಕು ಮೇಜಿನದು.

ಮೇಜು ನಮ್ಮ ತಂದೆಯವರದು. ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದ ಅವರು ಸಾಗವಾನಿಯಲ್ಲಿ ಮಾಡಿಸಿದ್ದು. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ. ಇನ್ನೊಂದು ಮೇಜಿಗೆ ನಮ್ಮ ಬಾಡಿಗೆಯ ಮನೆಯಲ್ಲಿ ಸ್ಥಳವಿಲ್ಲ. ಹಗಲು ಅದು ಶ್ರೀಮತಿಯವರ ಕಚೇರಿ. 2020ರಲ್ಲಿ ಮನೆಯಿಂದಲೇ ಕೆಲಸ ಮಾಡಿರೆಂದು ಕಳಿಸಿದ ಬೆಂಗಳೂರಿನ ಕಂಪನಿಯವರು ಇನ್ನೂ ಅವರನ್ನು ತಿರುಗಿ ಕರೆದಿಲ್ಲ. ರಾತ್ರಿ ಒಂಬತ್ತರ ಮೇಲೆ ಅದು ಗ್ರಂಥಸಂಪಾದನೆಯ ಪೀಠ. ಪರದೆಗಳು ಬಂದ ಮೇಲೆ ಅವರಿಗೂ ಅವು ಬೇಕೆನಿಸಿದವು, ನ್ಯಾಯವೇ. ದಿನಕ್ಕೆ ಎರಡು ಸಲ ಏಳು ತಂತಿಗಳನ್ನು ಒಂದು ಯಂತ್ರದಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುವ ಕರ್ಮ ಪ್ರಾರಂಭವಾಯಿತು: ವಿದ್ಯುತ್ತಿನದೊಂದು, ಪರದೆಗಳವೆರಡು, ಕೀಲಿಮಣೆ, ಮೌಸು, ಡಿಸ್ಕು, ಇಂಟರ್ನೆಟ್ಟು. ಒಂದು ರಾತ್ರಿ ಅವಸರದಲ್ಲಿ ಮೌಸಿನ ತಂತಿಯೆಂದು ಡಿಸ್ಕಿನದನ್ನು ಎಳೆದೆ. ಅದರೊಳಗೆ ಆಗ ಚಿತ್ರಗಳು ಇಳಿಯುತ್ತಿದ್ದವು. ಹನ್ನೆರಡು ಗರಿಗಳ ಚಿತ್ರ ಕೆಟ್ಟುಹೋದವು. ಶಿಷ್ಯನ ಬಳಿ ಮೂಲಚಿತ್ರಗಳಿದ್ದುದರಿಂದ ಬದುಕಿದೆ. ಆದರೆ ಅವು ಇವೆಯೆಂದು ಅವನು ಫೋನಿನಲ್ಲಿ ಹೇಳುವವರೆಗಿನ ಅರ್ಧ ಗಂಟೆಯನ್ನು ನಾನು ಮರೆಯಲಾರೆ.

ಆ ಶಿಷ್ಯನೇ ಹೇಳಿದನು: “ಸರ್, ಒಂದು ಡಾಕಿಂಗ್ ಸ್ಟೇಷನ್ ತಗೊಳ್ರಿ. ಎಲ್ಲಾ ತಂತಿ ಅದಕ್ಕ. ನಿಮ್ಮ ಲ್ಯಾಪ್‌ಟಾಪಿಗೆ ಒಂದ ತಂತಿ.”

ಡಾಕ್ ಎಂದರೆ ಹಡಗು ಬಂದು ನಿಲ್ಲುವ ಕಟ್ಟೆ. ಕೆಲಗೇರಿಯ ಕೆರೆಯನ್ನೇ ಸಮುದ್ರವೆಂದು ತಿಳಿದು ಬೆಳೆದ ನಮ್ಮಂಥವರಿಗೆ ಈ ಉಪಮಾನ ಹತ್ತುವುದಿಲ್ಲ. ಆದರೆ ವಸ್ತು ನಮಗೆ ಅಪರಿಚಿತವಲ್ಲ. ಹಗಲೆಲ್ಲ ತಿರುಗಿ ಬಂದ ಎತ್ತು ಸಂಜೆ ತನ್ನ ಗ್ವಾದಲಿಗೆ ಬಂದು ನಿಲ್ಲುತ್ತದೆ. ಅಲ್ಲಿಯೇ ಅದನ್ನು ಕಟ್ಟುವುದು, ಅಲ್ಲಿಯೇ ಅದಕ್ಕೆ ಮೇವು. ಲ್ಯಾಪ್‌ಟಾಪೂ ಹಾಗೆಯೇ, ಒಂದೇ ಹಗ್ಗದಿಂದ ಕಟ್ಟಿದರೆ ಅದೇ ಹಗ್ಗದಲ್ಲಿ ಮೇವೂ ಬರುತ್ತದೆ, ಹೂಡಲಿಕ್ಕೆ ಬೇಕಾದ ನೊಗ-ಮಿಣಿಗಳೂ ಬರುತ್ತವೆ. 1992ರಲ್ಲಿ ಆಪಲ್ ಕಂಪನಿಯವರು ತಂದ ಡುಯೊ ಡಾಕ್ ಎಂಬುದರಲ್ಲಂತೂ ಇಡಿಯ ಲ್ಯಾಪ್‌ಟಾಪನ್ನೇ, ವೀಡಿಯೋ ಕ್ಯಾಸೆಟ್ಟನ್ನು ತುರುಕಿದಂತೆ, ಒಳಗೆ ದೂಡಬೇಕಾಗುತ್ತಿತ್ತು. ಅದು ಗ್ವಾದಲಿಯಲ್ಲ, ಕೊಟ್ಟಿಗೆಯೇ ಸರಿ.

ಶಿಷ್ಯನ ಮಾತು ಕೇಳಿದ ದಿನವೇ, ಬೆಲೆ ಕಡಿಮೆಯೆಂಬ ಒಂದೇ ಗುಣವನ್ನು ನೋಡಿ, ಎರಡು ಸಾವಿರ ರೂಪಾಯಿಯದೊಂದನ್ನು ತರಿಸಿದೆ. ಎರಡು ಪರದೆಗಳಿಗೆ ಎರಡು ರಂಧ್ರ ಅದರಲ್ಲಿದ್ದವು. ಶ್ರೀಮತಿಯವರ ಯಂತ್ರಕ್ಕೆ ಅದನ್ನು ಜೋಡಿಸಿದಾಗ ಎರಡೂ ಪರದೆಗಳು ಬೆಳಗಿದವು. ಸಂತೋಷಪಟ್ಟೆವು. ಆಮೇಲೆ ನೋಡಿದರೆ ಎರಡರಲ್ಲಿಯೂ ಒಂದೇ ಚಿತ್ರ! ಅವಳಿಗಳಂತೆ ಒಂದು ಮಾಡಿದ್ದನ್ನೇ ಇನ್ನೊಂದೂ ಮಾಡುತ್ತಿತ್ತು. ನನ್ನ ಯಂತ್ರಕ್ಕೆ ಜೋಡಿಸಿದಾಗ ಆ ತೊಂದರೆಯೂ ಇರಲಿಲ್ಲ: ಒಂದರಲ್ಲಿಯೂ ಚಿತ್ರ ಬರಲಿಲ್ಲ. ಕೀಲಿಮಣೆ ನಡೆಯಿತು, ಮೌಸು ನಡೆಯಿತು, ಪರದೆಗಳು ಮಾತ್ರ ಕಣ್ಣು ತೆರೆಯಲಿಲ್ಲ. ಪೆಟ್ಟಿಗೆ ಕೆಟ್ಟಿದೆಯೆಂದು ನಾನು, “ನೀವು ಓದಿ ತರಿಸಿರೇನು?” ಎಂದು ಅವರು. ವ್ಯಾಜ್ಯದ ಮೊದಲ ದಿನ ಅದು.

ಪೆಟ್ಟಿಗೆ ಕೆಟ್ಟಿರಲಿಲ್ಲ. ನಾನೇ ಓದಿರಲಿಲ್ಲ. ರಜೆ ಇದ್ದುದರಿಂದ ಹತ್ತು ದಿನ ಕುಳಿತು ಓದಿದೆ, ಎಂ. ಎ. ಪರೀಕ್ಷೆಗೂ ಅಷ್ಟು ಓದಿದ್ದೆನೋ ಇಲ್ಲವೋ. ತಿಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನಂತೆ ಎರಡು ಸಾವಿರ ಕಳೆದುಕೊಳ್ಳಲಿರುವ ಯಾರಾದರೊಬ್ಬರಿಗೆ ಉಪಯೋಗವಾದೀತು.

ಈಗಿನ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಅವರೆಕಾಳಿನ ಆಕಾರದ ಒಂದು ಸಣ್ಣ ಬಾಯಿ ಇರುತ್ತದೆ. ಯುಎಸ್‌ಬಿ-ಸಿ ಎಂದು ಅದರ ಹೆಸರು. 2014ರಲ್ಲಿ ಅದರ ನಿಯಮಾವಳಿ ಪ್ರಕಟವಾಯಿತು. ಮೇಲು-ಕೆಳಗು ಎಂಬ ಭೇದವಿಲ್ಲದೆ ಹೇಗೆ ಚುಚ್ಚಿದರೂ ಹೋಗುತ್ತದೆ. ಅದು ಅದರ ದೊಡ್ಡ ಗುಣ. ದೊಡ್ಡ ಮೋಸವೆಂದರೆ, ಅದು ಬಾಯಿಯ ಆಕಾರದ ಹೆಸರೇ ಹೊರತು ಗಂಟಲಿನದಲ್ಲ. ಕನ್ನಡದಲ್ಲಿ ‘ಅರಿ’ ಎಂಬ ಎರಡಕ್ಷರವಿದೆ. ತಿಳಿ ಎಂದೂ ಅರ್ಥ, ಕತ್ತರಿಸು ಎಂದೂ ಅರ್ಥ, ವೈರಿ ಎಂದೂ ಅರ್ಥ; ಮುಂದೆ ಹಿಂದೆ ನೋಡದೆ ಅರ್ಥ ಹೇಳಿದವನು ಪರೀಕ್ಷೆಯಲ್ಲಿ ನಪಾಸು. ಈ ಬಾಯಿಯೂ ಅಂಥದೇ. ಒಂದು ಯಂತ್ರದಲ್ಲಿ ಅದು ಬರಿಯ ಕಡತಗಳನ್ನು ಸಾಗಿಸುತ್ತದೆ. ಇನ್ನೊಂದರಲ್ಲಿ ಪರದೆಗೆ ಬೇಕಾದ ಡಿಸ್‌ಪ್ಲೇಪೋರ್ಟ್ ಸಂಕೇತವನ್ನೂ ಹೊರುತ್ತದೆ. ಮತ್ತೊಂದರಲ್ಲಿ ವಿದ್ಯುತ್ತನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಬೆಲೆಬಾಳುವ ಯಂತ್ರಗಳಲ್ಲಿ ಥಂಡರ್‌ಬೋಲ್ಟ್ ಎಂಬ ಹೆಸರಿನಿಂದ ಸೆಕೆಂಡಿಗೆ 40 ಗಿಗಾಬಿಟ್ಟಿನ ಹೆದ್ದಾರಿಯೇ ಆಗುತ್ತದೆ. ಆಗ ಪಕ್ಕದಲ್ಲಿ ಸಿಡಿಲಿನ ಸಣ್ಣ ಗುರುತು ಇರುವುದುಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ.

ನನ್ನ ಯಂತ್ರ 2018ರದು, ಅಗ್ಗದ್ದು. ಅದರ ಬಾಯಿ ಕಡತ ಸಾಗಿಸುವ ಕೂಲಿಯದು ಮಾತ್ರ. ಪರದೆಯ ಸಂಕೇತ ಅದರಲ್ಲಿ ಹೊರಡುವುದೇ ಇಲ್ಲ, ವಿದ್ಯುತ್ತು ಒಳಗೆ ಬರುವುದೂ ಇಲ್ಲ. ಶ್ರೀಮತಿಯವರದು ಎಂ-1 ಚಿಪ್ಪಿನ ಮ್ಯಾಕ್‌ಬುಕ್ ಏರ್. 2020ರ ಕೊನೆಗೆ ಬಂದದ್ದು. ಯಂತ್ರ ಬಹಳ ಚುರುಕು. ಆದರೆ ಹೊರಗಿನ ಪರದೆಯನ್ನು ಒಂದಕ್ಕಿಂತ ಹೆಚ್ಚು ನಡೆಸದಂತೆ ಅದನ್ನು ರಚಿಸಿದ್ದಾರೆ. ಇನ್ನು ಒಂದು ಸಂಕೇತವನ್ನು ಸೀಳಿ ಎರಡು ಬೇರೆ ಬೇರೆ ಪರದೆಗಳಿಗೆ ಹಂಚುವ ವಿದ್ಯೆಯೊಂದಿದೆ. ವಿಂಡೋಸ್ ಅದನ್ನು ಬಲ್ಲುದು, ಮ್ಯಾಕ್ ಒಪ್ಪುವುದಿಲ್ಲ. ಆದುದರಿಂದಲೇ ಅವಳಿ ಚಿತ್ರ. ಅಂತೂ ಒಂದು ಪೆಟ್ಟಿಗೆ, ಎರಡು ಯಂತ್ರ, ಎರಡೂ ಬೇರೆ ಬೇರೆ ಬಗೆಯಲ್ಲಿ ಅಂಗವಿಕಲ. ಇಂಥ ದಂಪತಿಗಳಿಗೆ ಒಂದೇ ಗ್ವಾದಲಿಯನ್ನು ಹುಡುಕಬೇಕು.

ಹುಡುಕಲು ಹುಬ್ಬಳ್ಳಿಗೆ ಹೋದೆ. ಚಿತ್ರ ನೋಡಿ ತರಿಸುವ ವ್ಯಾಪಾರ ಒಮ್ಮೆ ಸಾಕೆನಿಸಿತ್ತು. ಎದುರಿಗೆ ಮನುಷ್ಯನಿರಬೇಕು, ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕು. ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹಿಡಿದು, ಉಣಕಲ್ ಕೆರೆ ದಾಟಿ, ಕೊಪ್ಪೀಕರ ರಸ್ತೆಯ ಕಡೆಗಿನ ಒಂದು ಅಂಗಡಿಯಲ್ಲಿ ಇಳಿದೆ. ನನ್ನ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ವೈದ್ಯರ ಬಳಿಗೆ ರೋಗಿಯನ್ನು ಕರೆದುಕೊಂಡೇ ಹೋಗಬೇಕಲ್ಲವೆ? ಗಲ್ಲೆಯ ಮೇಲಿದ್ದವನು ಇಪ್ಪತ್ತೈದರ ಹುಡುಗ. ಅಣ್ಣಿಗೇರಿಯ ಕಡೆಯವನು, ಮನೆಯಲ್ಲಿ ಹತ್ತಿಯ ವ್ಯಾಪಾರವೆಂದು ಮಾತಿನಲ್ಲಿ ತಿಳಿಯಿತು. ಪೆಟ್ಟಿಗೆಗಳನ್ನು ತೋರಿಸುವ ಮೊದಲು ಅವನು ಪ್ರಶ್ನೆ ಕೇಳಿದನು. ಅಲ್ಲಿಯೇ ನನಗೆ ಅವನ ಮೇಲೆ ಗೌರವ ಹುಟ್ಟಿತು.

“ಎಷ್ಟು ಪರದೆ ಸರ್? ಏನು ನೋಡ್ತೀರಿ ಅದರೊಳಗ? ಗೇಮ್ ಆಡಾಂವರೇನ್ರಿ?”

“ತಾಳೆಗರಿ ನೋಡ್ತೇನಪಾ.”

ಅವನು ಒಂದು ಕ್ಷಣ ನನ್ನ ಮುಖ ನೋಡಿದನು. “ಹಂಗಂದ್ರ ಚಿತ್ರ ಅಲ್ಲಾಡಂಗಿಲ್ಲ?”

“ಮುನ್ನೂರು ವರ್ಷದಿಂದ ಅಲ್ಲಾಡಿಲ್ಲ.”

“ಹಂಗಾದ್ರ ಚೊಲೋ ಆತು ಬಿಡ್ರಿ” ಎಂದು ಅವನು ಒಂದು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದನು. ಒಂದು ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ ಇಪ್ಪತ್ತು ಲಕ್ಷಕ್ಕೆ ಮಿಕ್ಕಿತು. ಒಂದೊಂದು ಚುಕ್ಕೆಗೆ 24 ಬಿಟ್ಟು ಬಣ್ಣ, ಸೆಕೆಂಡಿಗೆ 60 ಸಲ. ಅಂದರೆ ಒಂದು ಪರದೆಗೆ ಸೆಕೆಂಡಿಗೆ ಹೆಚ್ಚುಕಡಿಮೆ 3 ಗಿಗಾಬಿಟ್, ಎರಡಕ್ಕೆ 6. ನನ್ನ ಯಂತ್ರದ ಬಾಯಿಯಲ್ಲಿ ಸಾಗುವುದು 5. ಐದು ಸೇರಿನ ಚೀಲದಲ್ಲಿ ಆರು ಸೇರು ಜೋಳ ಹಿಡಿಯುವುದಿಲ್ಲ.

“ಅದಕ್ಕ ಒಂದು ಉಪಾಯ ಐತ್ರಿ. ಹತ್ತೀನ್ನ ಸಡ್ಲ ತುಂಬಿದ್ರ ಲಾರಿ ಸಾಲಂಗಿಲ್ಲ. ಪ್ರೆಸ್ಸಿನಾಗ ಹಾಕಿ, ಒತ್ತಿ, ಅಂಡಿಗಿ ಕಟ್ಟತಾರಲ್ರಿ? ಹಂಗ ಇದು.”

ಡಿಸ್‌ಪ್ಲೇಲಿಂಕ್ ಎಂಬುದು ಆ ಅಂಡಿಗೆಯ ವಿದ್ಯೆ. ಲ್ಯಾಪ್‌ಟಾಪಿನಲ್ಲಿ ಒಂದು ತಂತ್ರಾಂಶ ಕುಳಿತು, ಪರದೆಯ ಚಿತ್ರವನ್ನು ಒತ್ತಿ ಕಟ್ಟಿ, ಸಾಮಾನ್ಯ ಕಡತದಂತೆ ತಂತಿಯೊಳಗೆ ಕಳಿಸುತ್ತದೆ. ಪೆಟ್ಟಿಗೆಯಲ್ಲಿರುವ ಚಿಪ್ಪು ಅದನ್ನು ಬಿಚ್ಚಿ ಪರದೆಗೆ ಹರಡುತ್ತದೆ. ಬದಲಾಗದ ಭಾಗವನ್ನು ಮತ್ತೆ ಮತ್ತೆ ಕಳಿಸುವುದಿಲ್ಲ. ಪರದೆಯ ಸಂಕೇತ ಹೊರಡದ ನನ್ನ ಬಾಯಿಗೂ ಅದು ಆದೀತು, ಒಂದೇ ಪರದೆಯ ಹಣೆಬರಹದ ಮ್ಯಾಕಿಗೂ ಆದೀತು. ದೋಷಗಳನ್ನೂ ಹುಡುಗನು ಮುಚ್ಚಿಡಲಿಲ್ಲ. ಅಂಡಿಗೆ ಕಟ್ಟುವ ದುಡಿಮೆ ಲ್ಯಾಪ್‌ಟಾಪಿನ ಮೇಲೆಯೇ ಬೀಳುತ್ತದೆ. ಹಳೆಯ ಯಂತ್ರ ಬಿಸಿಯಾದೀತು. ವೇಗವಾಗಿ ಓಡುವ ಚಿತ್ರ ತುಸು ತಡವರಿಸೀತು. ಹಣ ಕೊಟ್ಟು ನೋಡುವ ಕೆಲವು ಸಿನಿಮಾಗಳು ಕಪ್ಪಾಗಿಯೇ ಉಳಿದಾವು. ತಾಳೆಗರಿಗೆ ಇವಾವುವೂ ಬಾಧಕವಲ್ಲ. ಅವನ ಬಳಿ ಥಂಡರ್‌ಬೋಲ್ಟಿನ ಪೆಟ್ಟಿಗೆಯೂ ಇದ್ದಿತು. ಬೆಲೆ ಹೆಚ್ಚುಕಡಿಮೆ ಎರಡರಷ್ಟು. ನಾನು ಆಸೆಯಿಂದ ಅದನ್ನು ನೋಡುತ್ತಿರುವುದನ್ನು ಕಂಡು, “ಅದು ನಿಮ್ಮ ಯಂತ್ರಕ್ಕ ಉಪಯೋಗಿಲ್ಲ ಸರ್. ಎತ್ತ ಇಲ್ಲದ ಬಂಡಿ” ಎಂದು ಒಳಗಿಟ್ಟುಬಿಟ್ಟನು. ದುಬಾರಿಯ ಮಾಲನ್ನು ಕೊಡೆನೆಂದ ವ್ಯಾಪಾರಿಯನ್ನು ಬಹು ದಿನಗಳ ಮೇಲೆ ಕಂಡೆ.

ಮೇವಿನ ಲೆಕ್ಕವೂ ಆಯಿತು. ಮ್ಯಾಕಿನ ಜೊತೆ ಬರುವ ಚಾರ್ಜರು 30 ವ್ಯಾಟಿನದು. ಪೆಟ್ಟಿಗೆ 60 ಕೊಡುತ್ತದೆ, ಹೊಟ್ಟೆ ತುಂಬ ಆಯಿತು. ನನ್ನದಕ್ಕೆ ದುಂಡು ಮೂತಿಯ ಹಳೆಯ ಚಾರ್ಜರೇ ಗತಿ. ಅಂತೂ ಒಂದೇ ತಂತಿಯ ಕನಸು ನನ್ನ ಪಾಲಿಗೆ ಎರಡು ತಂತಿಯಾಯಿತು. ಏಳಕ್ಕಿಂತ ಎರಡು ಮೇಲು. ಹಳೆಯ ಪರದೆಗೆ ಎಚ್‌ಡಿಎಂಐ ಬಾಯಿ ಇಲ್ಲ, ಡಿವಿಐ ಎಂಬ ಅಗಲ ಹಲ್ಲಿನದಿದೆ ಎಂದೆ. ಅವೆರಡೂ ಒಂದೇ ಭಾಷೆಯವು, ಲಿಪಿ ಮಾತ್ರ ಬೇರೆ. ನಡುವೆ ದುಭಾಷಿ ಬೇಡ, ಬರಿಯ ತಂತಿ ಸಾಕೆಂದು ಅವನು ಹೇಳಿದ್ದು ನನಗೆ ಬಹಳ ಹಿಡಿಸಿತು.

ಬೆಲೆ 15,500 ರೂಪಾಯಿ. ಕೊಳ್ಳಲಿಲ್ಲ. ದುರ್ಗದಬೈಲಿನಲ್ಲಿ ಗಿರಮಿಟ್ಟು ತಿಂದು ಧಾರವಾಡಕ್ಕೆ ಮರಳಿದೆ.

ಎರಡು ಸಾವಿರ ಕಳೆದವನಿಗೆ ಹದಿನೈದು ಸಾವಿರ ಕೇಳುವ ಬಾಯಿ ಎಲ್ಲಿಂದ ಬರಬೇಕು? ಜೂನಿನಲ್ಲಿ ಮಗಳ ಶಾಲೆಯ ಶುಲ್ಕ, ಮಳೆಗಾಲಕ್ಕೆ ಮೊದಲು ಊರ ಮನೆಯ ಮಾಳಿಗೆಯ ದುರಸ್ತಿ. ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಊಟದ ಹೊತ್ತಿನಲ್ಲಿ, ಅಂಗಡಿಯ ಹುಡುಗನ ಅಂಡಿಗೆಯ ಉಪಮಾನದಿಂದ ಪ್ರಾರಂಭಿಸಿ, ಬಿಟ್ಟು-ಗಿಗಾಬಿಟ್ಟುಗಳ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಶ್ರೀಮತಿಯವರು ಪೂರ್ತಿ ಕೇಳಿದರು. ಆ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮ ಮಾಸ್ತರಿಗೆ ಎಷ್ಟು ವಯಸ್ಸಾತ್ರಿ?”

“ಎಂಬತ್ನಾಲ್ಕು.”

“ಈಗಿನ ಹಂಗ ಮಾಡಿದ್ರ ಯಾವಾಗ ಮುಗೀತದ ಅದು?”

ಒಂದೂವರೆ ಪದ್ಯದ ಲೆಕ್ಕ, ರಜೆ, ಪರೀಕ್ಷೆಯ ಉತ್ತರಪತ್ರಿಕೆ, ಎಲ್ಲ ಕೂಡಿಸಿ ಹೇಳಿದೆ: “ಎರಡೂವರೆ ವರ್ಷ, ಮೂರು.”

ಅವರು ಎದ್ದು ತಾಟು ಒಳಗಿಟ್ಟು ಬಂದರು. “ಮಾಳಿಗಿ ದೀಪಾವಳಿಗೆ ಮಾಡಸೂಣು. ನಾಳೆ ಹೋಗಿ ತಗೊಂಬರ್ರಿ. ಬಿಲ್ಲು ಇಸಗೊಳ್ರಿ” ಎಂದರು. ಬಿಲ್ಲಿನ ಮಾತನ್ನು ಎರಡು ಸಲ ಹೇಳಿದರು.

ತಂದ ಮೇಲಿನ ಕಥೆ ದೀರ್ಘವಾಗಿ ಬರೆಯುವಂಥದಲ್ಲ. ನನ್ನ ಯಂತ್ರ ಅರ್ಧ ಗಂಟೆಯಲ್ಲಿ ಒಗ್ಗಿತು. ಅವರ ಯಂತ್ರ ಕಂಪನಿಯದು. ಹೊಸ ತಂತ್ರಾಂಶ ಹಾಕಲು ಮೇಲಿನವರ ಅಪ್ಪಣೆ ಬೇಕು. ಅದರ ಮೇಲೆ, ಪರದೆಯನ್ನು ದಾಖಲಿಸಿಕೊಳ್ಳಲು ಈ ತಂತ್ರಾಂಶಕ್ಕೆ ಅನುಮತಿ ಕೊಡುತ್ತೀರಾ ಎಂದು ಮ್ಯಾಕ್ ಕೇಳುತ್ತದೆ. ಅಂಡಿಗೆ ಕಟ್ಟುವವನು ಹತ್ತಿಯನ್ನು ಮುಟ್ಟದೆ ಕಟ್ಟಲಾರನಷ್ಟೆ. ಆದರೆ ಆ ಮಾತನ್ನು ಓದಿದ ಯಾರಾದರೂ ಗಾಬರಿಯಾದಾರು. ಅಪ್ಪಣೆ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಅವರು ಹಳೆಯಂತೆಯೇ ತಂತಿ ಚುಚ್ಚಿಕೊಂಡರು, ನಾನು ಪೆಟ್ಟಿಗೆಯ ಕಡೆಗೆ ನೋಡದಂತೆ ನಟಿಸಿದೆ. ಇನ್ನೊಮ್ಮೆ ಮಗಳು ಪೆಟ್ಟಿಗೆಯ ತಂತಿಯಿಂದ ಫೋನು ಚಾರ್ಜು ಮಾಡಿ, ಅದರ ಜಾಗದಲ್ಲಿ ಫೋನಿನ ತಂತಿಯನ್ನು ಸಿಕ್ಕಿಸಿಟ್ಟಳು. ಮೂತಿ ಒಂದೇ, ಆದರೆ ಫೋನಿನ ಅಂಥ ತಂತಿಗಳಲ್ಲಿ ಅನೇಕವು 480 ಮೆಗಾಬಿಟ್ಟಿಗೆ ಮೇಲೆ ಹೊರಲಾರವು. ಓಲೆಗಳು ಎಳೆದೆಳೆದು ಬರತೊಡಗಿದವು. ಈಗ ಪೆಟ್ಟಿಗೆಯ ತಂತಿಗೆ ಕೆಂಪು ದಾರ ಕಟ್ಟಿದ್ದೇನೆ. ಸಂಜೆ ಕರೆಂಟು ಹೋದಾಗ ದೊಡ್ಡ ಪರದೆಗಳೆರಡೂ ಕಪ್ಪಾಗಿ, ಅವುಗಳ ಮೇಲಿದ್ದ ಓಲೆಗಳೆಲ್ಲ, ಮಳೆ ಬಂದಾಗ ದನಗಳು ಒಂದೇ ಗಿಡದ ಕೆಳಗೆ ನುಗ್ಗಿದಂತೆ, ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಬಂದು ಕೂಡುತ್ತವೆ. ಕರೆಂಟು ಬಂದರೆ ತಮ್ಮ ತಮ್ಮ ಸ್ಥಳಕ್ಕೆ ತಾವೇ ಮರಳುತ್ತವೆ. ಯಾವಾಗಲೂ ಅಲ್ಲ, ಹೆಚ್ಚಿನ ಸಲ.

ರಾತ್ರಿಗೆ ಒಂದೂವರೆ ಇದ್ದ ಪದ್ಯ ಈಗ ಎಂಟು, ಒಂಬತ್ತು ಆಗಿವೆ. ಒಂದು ಸಾಲಿಗೆ ಮೂರು ಕಡೆ ಕಣ್ಣು ಆಡಿಸಿದರೆ ಸಾಕು. ಮರೆಯುವಷ್ಟು ಹೊತ್ತೇ ಆಗುವುದಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಇಟ್ಟಾಗ, ಮೊದಲು ಕಾಣದಿದ್ದದ್ದೂ ಕಾಣತೊಡಗಿತು.

ಕಾವ್ಯದಲ್ಲಿ ಒಂದು ಸಂದರ್ಭವಿದೆ. ಮರಣದಂಡನೆಗೆ ಒಯ್ಯುತ್ತಿದ್ದ ಹುಡುಗನನ್ನು ಅರಸನು ಬಿಟ್ಟುಬಿಡುತ್ತಾನೆ. ಏಕೆಂದರೆ ಹುಡುಗನ ತಾಯಿ ಹೆಬ್ಬಾಗಿಲಲ್ಲಿ ನಿಂತಿದ್ದಾಳೆ. ಗುರುಗಳ ಪ್ರತಿಯಲ್ಲಿ ‘ತಾಯ ಮೋರೆಯ ಕಂಡು’ ಎಂದಿದೆ. ಅವರು ಓದಿದ ಓಲೆಯಲ್ಲಿ ಆ ಸ್ಥಳಕ್ಕೆ ಹುಳ ಹಿಡಿದಿದೆ. ‘ಕ’ಕಾರದ ಬುಡವಷ್ಟೇ ಉಳಿದು, ಮುಂದೆ ತೂತು. ಭೂತಗನ್ನಡಿ ಹಿಡಿದು, ಲಾಟೀನಿನ ಬೆಳಕಿನಲ್ಲಿ, ಅವರು ‘ಕಂಡು’ ಎಂದು ಊಹಿಸಿ ತುಂಬಿದ್ದಾರೆ. ಅಡ್ಡ ಪರದೆಯ ಮೇಲೆ ಆ ತೂತನ್ನು ಅಂಗೈಯಗಲ ಹಿಗ್ಗಿಸಿ ನೋಡಿದೆ. ತೂತಿನ ಮೇಲಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಎತ್ವದ ಬಾಲ. ಎರಡನೆಯ ಓಲೆಯಲ್ಲಿ ಅದೇ ಸ್ಥಳ ಮಸಿಯೇರದೆ ಮಾಸಿದೆ, ಆದರೆ ಕಂಠದ ಗೀರು ಉಂಟು: ‘ಕೆಳಿ’. ಅಂದರೆ ‘ಕೇಳಿ’. ಹಾಗಾದರೆ ಹಿಂದಿನದು ‘ಮೋರೆ’ಯಲ್ಲ, ‘ಮೊರೆ’. ಓಲೆ ಎರಡನ್ನೂ ಒಂದೇ ರೀತಿ ಬರೆಯುತ್ತದೆ. ಸಾಂಗತ್ಯದ ಸಡಿಲ ಗಣಗಳಲ್ಲಿ ಎರಡೂ ಹಿಡಿಸುತ್ತವೆ. ತಾಯ ಮೊರೆಯ ಕೇಳಿ.

ಗುರುಗಳು ಈ ಸಾಲಿನ ಮೇಲೆ ಒಂದು ಲೇಖನವನ್ನೇ ಬರೆದಿದ್ದಾರೆ. ಏನೂ ಬೇಡದೆ ಸುಮ್ಮನೆ ನಿಂತ ತಾಯಿಯ ಮುಖವನ್ನು ನೋಡಿಯೇ ಅರಸನು ಕರಗಿದನೆಂದು. ನಾನು ಅವರ ತರಗತಿಯಲ್ಲಿ ಆ ಪಾಠವನ್ನು ಕೇಳಿದ್ದೇನೆ. ಇಪ್ಪತ್ತು ವರ್ಷದ ಹುಡುಗ, ಕಣ್ಣೊರೆಸಿಕೊಂಡೂ ಇದ್ದೇನೆ. ಮೂರು ರಾತ್ರಿ ಆ ಓಲೆಯನ್ನು ಮತ್ತೆ ಮತ್ತೆ ನೋಡಿದೆ. ಎತ್ವ ಅಳಿಸಿಹೋಗಲಿಲ್ಲ. ಒಂದು ಅಡಿಟಿಪ್ಪಣಿ ಬಿಟ್ಟರೆ, ಒಂದು ಸಾಲನ್ನು ಓದುವಾಗ ನುಂಗಿಕೊಂಡರೆ, ಅವರಿಗೆ ಗೊತ್ತಾಗುವುದಿಲ್ಲವೆಂಬ ಯೋಚನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಕಳೆದ ಭಾನುವಾರ ಮಾಳಮಡ್ಡಿಗೆ ಹೋದೆ. ಕಾಕು ಚಹಾ ಕೊಟ್ಟರು. ಗುರುಗಳು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಮೂವತ್ತೊಂದನೆಯ ಗರಿಯಿಂದ ಓದುತ್ತ ಬಂದೆ. ಆ ಪದ್ಯ ಬಂದಿತು. ‘ಮೊರೆಯ ಕೇಳಿ’ ಎಂದೇ ಓದಿದೆ.

“ಏನಂದಿ?”

ಮತ್ತೆ ಓದಿದೆ. ಎತ್ವದ ಬಾಲ, ಎರಡನೆಯ ಓಲೆಯ ಗೀರು, ಎರಡನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಲಗೈಯ ತೋರುಬೆರಳು ಕುರ್ಚಿಯ ತೋಳಿನ ಮೇಲೆ ನಿಧಾನವಾಗಿ ಒಂದು ಎತ್ವವನ್ನು ಬರೆಯಿತು.

“ಎಷ್ಟು ದೊಡ್ಡದು ಮಾಡಿ ನೋಡಿದಿ?”

“ಅಂಗೈಯಗಲ, ಸರ್. ಮೂರು ದಿನ ನೋಡಿದೆ.”

“ಎರಡನೇ ಗರಿಯೊಳಗ ಗೀರು ಖಾತ್ರಿ ಅದ?”

“ಅದ, ಸರ್.”

“ಹಂಗಾದ್ರ ನಿಂದು ಮ್ಯಾಲೆ ಹಾಕು. ನಂದು ಕೆಳಗ ಪಾಠಾಂತರದಾಗ ಹಾಕು. ಊಹೆ ಅಂತ ಬರಿ.” ಸ್ವಲ್ಪ ತಡೆದು, “ಆ ಪೆಟ್ಟಿಗಿಗೆ ಎಷ್ಟು ಕೊಟ್ಟಿ?” ಎಂದು ಕೇಳಿದರು.

ನಾನು ಅರ್ಧ ಬೆಲೆ ಹೇಳಿದೆ.

“ಸುಳ್ಳು ಹೇಳಬ್ಯಾಡ” ಎಂದರು. “ಮುಂದ ಓದು.”

ಮೂವತ್ತೆರಡನೆಯ ಗರಿಯನ್ನು ತೆಗೆದುಕೊಂಡೆ. ಇನ್ನೂ ಎಪ್ಪತ್ತು ಉಳಿದಿದ್ದವು.